ಕತ್ತಿ ಹಿಡಿಯದ ಕೈಗೂ ಕೆಲಸವಿದೆ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಡಚುವ ಕ್ಷೌರಕತ್ತಿಯ ಬಗ್ಗೆ. ಕಾಸರಗೋಡಿನಿಂದ ಹಿಡಿದು ಜತ್ತದವರೆಗೆ ಗಡಿನಾಡಿನ ಎಲ್ಲ ಕಡೆಯಿಂದಲೂ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಮಡಚುವ ಕತ್ತಿಯಲ್ಲಿ ಗಡ್ಡ ತೆಗೆಯಲು ಕಲಿಯುತ್ತಿದ್ದೇನೆ. ಕೆನ್ನೆ ಚಂದ ಆಗುತ್ತದೆ. ದವಡೆಯ ಅಂಚಿಗೆ ಬಂದ ಕೂಡಲೇ ಗೀರು ಬೀಳುತ್ತದೆ. ಕುತ್ತಿಗೆಯಲ್ಲಂತೂ ಪ್ರತಿ ಸಲವೂ ರಕ್ತ. ಕತ್ತಿಯ ಹರಿತ ಹೆಚ್ಚಾಯಿತೇ? ಸ್ವಲ್ಪ ಮೊಂಡು ಮಾಡಿದರೆ ಆದೀತೇ?
– ಓದುಗರೊಬ್ಬರು, ಬದಿಯಡ್ಕ

ಮೊಂಡು ಮಾಡಬೇಡಿ. ಮೊಂಡಾದ ಕತ್ತಿ ಕೂದಲಿಗೆ ಸಿಕ್ಕಿ ನಿಲ್ಲುತ್ತದೆ, ಕೈ ತನಗರಿವಿಲ್ಲದೆ ಒತ್ತುತ್ತದೆ, ಕೂದಲು ತುಂಡಾದ ಕ್ಷಣ ಆ ಒತ್ತಡವೆಲ್ಲ ಚರ್ಮಕ್ಕೆ ಇಳಿಯುತ್ತದೆ. ಗಾಯಗಳಲ್ಲಿ ಹೆಚ್ಚಿನವು ಹೀಗೇ ಆಗುವುದು. ಹರಿತವಾದ ಕತ್ತಿಯನ್ನು ಅದರದ್ದೇ ಭಾರಕ್ಕೆ ಬಿಟ್ಟರೆ ಸಾಕು, ಕೂದಲು ಹೋಗುತ್ತದೆ.

ನೀವು ಹೇಳಿದ ಎರಡು ಜಾಗಗಳಲ್ಲಿ ಕಾರಣ ಬೇರೆ ಬೇರೆ. ಮೊದಲು ದವಡೆ. ಕೆನ್ನೆ ಚಪ್ಪಟೆ, ಆದ್ದರಿಂದ ಅಲ್ಲಿ ಕತ್ತಿಯ ಓರೆ (ಚರ್ಮಕ್ಕೆ ಅದು ವಾಲಿರುವ ಕೋನ) ಒಮ್ಮೆ ಸರಿಯಾದರೆ ಕೊನೆವರೆಗೂ ಸರಿ. ದವಡೆಯ ಎಲುಬಿನ ಹತ್ತಿರ ಚರ್ಮ ಒಳಕ್ಕೆ ತಿರುಗುತ್ತದೆ, ಕೈ ಮಾತ್ರ ನೇರ ಕೆಳಗೆ ಹೋಗುತ್ತದೆ. ಕೆನ್ನೆಯ ಮೇಲೆ 30 ಡಿಗ್ರಿ ಇದ್ದ ಓರೆ ಅಲ್ಲಿ ತಾನಾಗಿ ಬದಲಾಗುತ್ತದೆ. ಅದನ್ನು ಸರಿಮಾಡಲು ಮಣಿಗಟ್ಟು ತಿರುಗಿಸಿದಿರೋ, ಕತ್ತಿಯ ಬಾಯಿ, ಅಂದರೆ ಹರಿತದ ಅಂಚು, ನೆಟ್ಟಗೆ ನಿಂತು ಚರ್ಮವನ್ನು ಕೆರೆಯುತ್ತದೆ, ಇಲ್ಲವೇ ತುದಿಯ ಮೂಲೆ ಒಳಗಿಳಿಯುತ್ತದೆ. ಇದಕ್ಕೆ ಪರಿಹಾರ ಕತ್ತಿ ಹಿಡಿದ ಕೈಯಲ್ಲಿಲ್ಲ, ಇನ್ನೊಂದು ಕೈಯಲ್ಲಿದೆ. ಬೆರಳನ್ನು ಒಣಗಿಸಿಕೊಂಡು ಕೆನ್ನೆಯ ಮೇಲ್ಭಾಗದಲ್ಲಿ ಒತ್ತಿ ಚರ್ಮವನ್ನು ಕಿವಿಯ ಕಡೆ ಮೇಲಕ್ಕೆ ಎಳೆಯಿರಿ, ತಲೆಯನ್ನು ಆಚೆ ಬದಿಗೆ ವಾಲಿಸಿ. ದವಡೆಯ ಕೆಳಗಿದ್ದ ಚರ್ಮ ಒಂದೆರಡು ಸೆಂಟಿಮೀಟರ್ ಮೇಲೆ ಬಂದು ಎಲುಬಿನ ಚಪ್ಪಟೆ ಭಾಗದ ಮೇಲೆ ಕೂರುತ್ತದೆ. ಅಲ್ಲೇ ಹೆರೆಯಿರಿ. ಎಲುಬಿನ ಅಂಚನ್ನು ಕತ್ತಿಯಿಂದ ಹತ್ತಿ ಇಳಿಯುವ ಸಾಹಸವೇ ಬೇಡ. ಬೆರಳು ಚಂಡಿಯಾಗಿದ್ದರೆ ಜಾರುತ್ತದೆ. ಹೆಗಲ ಮೇಲೊಂದು ಒಣ ಬೈರಾಸು ಹಾಕಿಕೊಂಡಿರಿ, ಪ್ರತಿ ಸಲ ಒರೆಸಿಕೊಳ್ಳಲು. ಅಥವಾ ಬೆರಳಿಗೆ ಒಂದಿಷ್ಟು ಪಟಿಕ ತಿಕ್ಕಿಕೊಂಡರೆ ಹಿಡಿತ ಸಿಗುತ್ತದೆ.

ಕುತ್ತಿಗೆಯಲ್ಲಿ ತೊಂದರೆ ಕೂದಲಿನ ಜಾಡಿನದ್ದು. ಕೆನ್ನೆಯ ಕೂದಲು ಸಾಧಾರಣವಾಗಿ ಕೆಳಮುಖ. ಕುತ್ತಿಗೆಯಲ್ಲಿ ಹಾಗಿರಬೇಕೆಂದಿಲ್ಲ: ಕೆಲವರಿಗೆ ಅಡ್ಡಕ್ಕೆ, ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಗಂಟಲ ಗಂಟಿನ ಹತ್ತಿರ ಸುಳಿಯೇ ಇರುತ್ತದೆ. ಎಡಬಲಗಳೂ ಒಂದೇ ತರ ಇರುವುದಿಲ್ಲ. ಎರಡು ದಿನ ಗಡ್ಡ ಬಿಟ್ಟು, ಒಣಮುಖದ ಮೇಲೆ ಬೆರಳನ್ನು ನಾಲ್ಕೂ ದಿಕ್ಕಿಗೆ ಸವರಿ ನೋಡಿ. ನುಣುಪಾಗಿ ಹೋದ ದಿಕ್ಕೇ ಜಾಡು, ಚುಚ್ಚಿದ್ದು ಎದುರು. ಒಂದು ಕಾಗದದಲ್ಲಿ ಮುಖದ ಚಿತ್ರ ಬರೆದು ಬಾಣ ಹಾಕಿ ಕನ್ನಡಿಯ ಪಕ್ಕ ಅಂಟಿಸಿ. ಹುಡುಗಾಟ ಅನ್ನಿಸಬಹುದು, ಆದರೆ ಕುತ್ತಿಗೆಯ ರಕ್ತ ನಿಲ್ಲುವುದು ಹೆಚ್ಚಾಗಿ ಇಷ್ಟರಿಂದಲೇ. ಮೊದಲ ಸುತ್ತು ಎಲ್ಲೆಡೆ ಜಾಡಿನಂತೆಯೇ ಇರಲಿ. ಮತ್ತೆ ನೊರೆ ಹಚ್ಚಿ ಎರಡನೇ ಸುತ್ತು ಅಡ್ಡಕ್ಕೆ. ಎದುರು ಹೆರೆಯುವ ಮೂರನೇ ಸುತ್ತನ್ನು ಕಲಿಯುವ ಕಾಲದಲ್ಲಿ ಪೂರ್ತಿ ಬಿಡಿ. ಗಂಟಲ ಗಂಟಿನ ಮೇಲೆ ನೇರವಾಗಿ ಕತ್ತಿ ಆಡಿಸುವುದು ಬೇಡ. ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು, ಗಂಟಿನಿಂದ ಆಚೆ ತಂದುಕೊಂಡು ಹೆರೆಯಿರಿ. ಆ ಹೊತ್ತಿಗೆ ಉಗುಳು ನುಂಗಬಾರದು ಎಂದು ಬೇರೆ ಹೇಳಬೇಕಿಲ್ಲ.

ಇನ್ನು ಓರೆ. ಡಿಗ್ರಿ ಲೆಕ್ಕವನ್ನು ಕನ್ನಡಿಯೆದುರು ಯಾರೂ ಅಳೆಯಲಾರರು. ಕತ್ತಿಯ ಬೆನ್ನನ್ನೇ, ಅಂದರೆ ಬಾಯಿಗೆ ಎದುರಿನ ದಪ್ಪ ಅಂಚನ್ನೇ, ಅಳತೆ ಮಾಡಿಕೊಳ್ಳಿ. ಕತ್ತಿಯನ್ನು ಕೆನ್ನೆಗೆ ಪೂರ್ತಿ ಚಪ್ಪಟೆಯಾಗಿ ಇಟ್ಟು, ಬೆನ್ನನ್ನು ಅದರದ್ದೇ ದಪ್ಪದಷ್ಟು, ಹೆಚ್ಚೆಂದರೆ ಅದರ ಒಂದೂವರೆಪಟ್ಟು ಎತ್ತಿ. ಮುಕ್ಕಾಲು ಇಂಚು ಅಗಲದ ಕತ್ತಿಯಲ್ಲಿ ಅದು 20ರಿಂದ 30 ಡಿಗ್ರಿಯ ಒಳಗೆ ಬರುತ್ತದೆ. ಅದಕ್ಕಿಂತ ಕಡಿಮೆಯಾದರೆ ಕೂದಲು ಕೀಳುತ್ತದೆ, ಹೆಚ್ಚಾದರೆ ಚರ್ಮ ಕೆರೆಯುತ್ತದೆ.

ಹಿಡಿಯುವ ಕ್ರಮ: ಹಿಡಿಯನ್ನು ಪೂರ್ತಿ ಹಿಂದಕ್ಕೆ ಮಡಚಿ, ತೋರುಬೆರಳು, ನಡುಬೆರಳು, ಉಂಗುರದ ಬೆರಳು ಈ ಮೂರನ್ನು ಕತ್ತಿಯ ಕುತ್ತಿಗೆಯ (ಬಾಯಿಗೂ ಹಿಡಿಯ ಮೊಳೆಗೂ ನಡುವಿನ ಭಾಗ) ಮೇಲೆ, ಹೆಬ್ಬೆರಳನ್ನು ಅಡಿಯಲ್ಲಿ ಬುಡದ ಹತ್ತಿರ, ಕಿರುಬೆರಳನ್ನು ಮೊಳೆಯ ಆಚೆ ಚಾಚಿದ ಬಾಲದ ಮೇಲೆ ಇಡಿ. ಬಿಗಿಹಿಡಿತ ಬೇಡ. ಒಂದೊಂದು ಎಳೆತ 2ರಿಂದ 3 ಸೆಂಟಿಮೀಟರ್ ಸಾಕು. ಎಳೆತಗಳು ಒಂದರ ಮೇಲೊಂದು ಅರ್ಧದಷ್ಟು ಬರಲಿ. ಕತ್ತಿ ಯಾವಾಗಲೂ ತನ್ನ ಬಾಯಿಗೆ ಅಡ್ಡವಾಗಿಯೇ ಚಲಿಸಬೇಕು. ಬಾಯಿಯ ಉದ್ದಕ್ಕೆ ಒಂದು ಕೂದಲೆಳೆಯಷ್ಟು ಜಾರಿದರೂ ಅದು ಹೆರೆತವಲ್ಲ, ಕೊಯ್ತ. ಉದ್ದನೆಯ ತೆಳು ಗೀರುಗಳೆಲ್ಲ ಹೀಗೆ ಆದವು. ಚುಕ್ಕೆಯಂಥ ಗಾಯವಾದರೆ ತುದಿಯ ಮೂಲೆ ತಾಗಿದೆ ಎಂದು ತಿಳಿಯಿರಿ. ನೊರೆಯೊಳಗೆ ತುದಿ ಎಲ್ಲಿದೆ ಎಂಬುದರ ಮೇಲೆ ಕಣ್ಣಿಡಿ. ಅಲ್ಲಲ್ಲಿ ಉರಿ ಹತ್ತಿ ಕೆಂಪಾದರೆ ಒತ್ತಡ ಹೆಚ್ಚಾಗಿದೆ, ಇಲ್ಲವೇ ನೊರೆಯಿಲ್ಲದ ಜಾಗದಲ್ಲಿ ಮತ್ತೆ ಕತ್ತಿ ಆಡಿಸಿದ್ದೀರಿ.

ಹೊಸಬರು ಮೊದಲ ಕೆಲವು ವಾರ ಎರಡೂ ಕೆನ್ನೆಗಳನ್ನು ಮಾತ್ರ ಕತ್ತಿಯಿಂದ ತೆಗೆದು, ಉಳಿದದ್ದನ್ನು ರೂಢಿಯ ಸೇಫ್ಟಿ ರೇಜರಿನಲ್ಲಿ ಮುಗಿಸುವುದು ಜಾಣತನ. ಆಮೇಲೆ ಕುತ್ತಿಗೆ. ಗದ್ದ ಮತ್ತು ಮೇಲ್ದುಟಿ ಕಟ್ಟಕಡೆಗೆ. ಮೇಲ್ದುಟಿಗೆ ಬಂದಾಗ ತುಟಿಯನ್ನು ಹಲ್ಲಿನ ಮೇಲೆ ಕೆಳಕ್ಕೆ ಎಳೆದು ಹಿಡಿದು, ಮೂಗಿನ ತುದಿಯನ್ನು ಮೇಲೆತ್ತಿ, ಒಂದು ಸೆಂಟಿಮೀಟರಿಗಿಂತ ಚಿಕ್ಕ ಎಳೆತಗಳಲ್ಲಿ ಕೆಳಗೆ ಬನ್ನಿ. ಗದ್ದದ ಗುಂಡಿನ ಮೇಲೆ ಕತ್ತಿಯ ಇಡೀ ಬಾಯಿ ತಾಗುವುದಿಲ್ಲ, ನಡುವಿನ ಒಂದಿಷ್ಟೇ ತಾಗುತ್ತದೆ. ಅದಕ್ಕೆ ಅಲ್ಲಿ ಅವಸರ ಕೂಡದು.

ಸರ, ನಮ್ಮ ಕಡೆ ಬೋರಿನ ನೀರು ಭಾಳ ಗಡಸು. ಸಾಬೂನು ಎಷ್ಟು ತಿಕ್ಕಿದ್ರೂ ನೊರಿ ಏಳೂದಿಲ್ಲ, ಎದ್ರೂ ಅರ್ಧ ದಾಡಿ ಮುಗಿಯೂದ್ರಾಗ ಒಣಗಿ ಹೋಗತೈತಿ. ನನ್ನ ಹತ್ರ ಇರೂದು ಅರ್ಧ ಬ್ಲೇಡ್ ಹಾಕೂ ವಸ್ತರಾ. ಅಂಗಡ್ಯಾಗ ಮಾಡಿಸಿದ್ರ ಏನೂ ಆಗೂದಿಲ್ಲ, ನಾನು ಮಾಡ್ಕೊಂಡ್ರ ಮೂರು ಕಡೆ ಹರೀತೈತಿ.
– ಓದುಗರೊಬ್ಬರು, ಜತ್ತ, ಸಾಂಗ್ಲಿ ಜಿಲ್ಲೆ

ಎರಡು ತೊಂದರೆ ಇವೆ. ಮೊದಲನೆಯದು ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನ ಜತೆ ಸೇರಿ ಕರಗದ ಬಿಳಿ ಗಷ್ಟವಾಗುತ್ತವೆ. ನೀವು ತಿಕ್ಕಿದ ಸಾಬೂನಿನ ಬಹುಪಾಲು ನೊರೆಯಾಗುವ ಮೊದಲೇ ಅದಕ್ಕೆ ಖರ್ಚಾಗುತ್ತದೆ. ನೀರನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ಮೇಲಿನ ತಿಳಿನೀರು ಮಾತ್ರ ಬಳಸಿದರೆ ಗಡಸಿನ ಒಂದು ಭಾಗ ತಳದಲ್ಲಿ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್ ಇರುವ ಗಡಸು ಕುದಿಸಿದರೂ ಹೋಗುವುದಿಲ್ಲ. ಆದರೆ ಗಡ್ಡಕ್ಕೆ ಬೇಕಾದ ನೀರು ಎಷ್ಟು? ಬ್ರಶ್ ನೆನೆಸಿ ನೊರೆ ಎಬ್ಬಿಸಲು ಒಂದು ಲೋಟ. ಕುಡಿಯಲು ತರುವ ಶುದ್ಧೀಕರಿಸಿದ ನೀರಿನಲ್ಲಿ ಒಂದು ಲೋಟ ತೆಗೆದಿಡಿ, ಮುಖ ತೊಳೆಯಲು ಬೋರಿನ ನೀರೇ ಆಗಲಿ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. ಜಂಬಿಟ್ಟಿಗೆಯ ನೆಲದ ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ಮೆದು ನೀರು ಬಳಸುವ ಕಾಸರಗೋಡಿನವರಿಗೆ ಈ ತಾಪತ್ರಯವೇ ಗೊತ್ತಿಲ್ಲ.

ನೊರೆ ಒಣಗುವುದಕ್ಕೆ ನಿಮ್ಮ ಕಡೆಯ ಒಣಗಾಳಿಯೂ ಕಾರಣ. ಮುಖಕ್ಕೆಲ್ಲ ಒಮ್ಮೆಲೇ ಹಚ್ಚಬೇಡಿ. ಒಂದು ಕೆನ್ನೆಗೆ ಹಚ್ಚಿ ಮುಗಿಸಿ, ಆಮೇಲೆ ಇನ್ನೊಂದಕ್ಕೆ. ಫ್ಯಾನ್ ಬಂದ್ ಮಾಡಿ. ನೊರೆ ಎಬ್ಬಿಸುವಾಗ ನೆನೆದ ಬ್ರಶ್ಶನ್ನು ಒಮ್ಮೆ ಕೊಡವಿ ಸಾಬೂನಿನ ಮೇಲೆ ಅರ್ಧ ನಿಮಿಷ ತಿರುಗಿಸಿ, ಆಮೇಲೆ ಬಟ್ಟಲಲ್ಲಿ ಹನಿ ಹನಿ ನೀರು ಸೇರಿಸುತ್ತ ಕಲಸುತ್ತ ಹೋಗಿ. ದೊಡ್ಡ ಗುಳ್ಳೆಗಳು ಮಾಯವಾಗಿ, ಮೇಲೆ ಹೊಳಪು ಬಂದು, ಕಡೆದ ಗಟ್ಟಿ ಮೊಸರಿನ ಹದಕ್ಕೆ ಬಂದಾಗ ನಿಲ್ಲಿಸಿ. ಒತ್ತಿದರೆ ಬುಸ್ಸೆಂದು ಬರುವ ಡಬ್ಬಿಯ ನೊರೆಯಲ್ಲಿ ಗಾಳಿ ಹೆಚ್ಚು, ನೀರು ಕಡಿಮೆ. ಕತ್ತಿಗೆ ಅದು ಹೇಳಿಸಿದ್ದಲ್ಲ.

ಎರಡನೆಯದು ನಿಮ್ಮ ವಸ್ತರಾ. ಸುಮಾರು 0.1 ಮಿಲಿಮೀಟರ್ ದಪ್ಪದ ಬ್ಲೇಡಿಗೆ ಮಡಚುವ ಕತ್ತಿಯ ತೂಕವೂ ಇಲ್ಲ, ಅಗಲವೂ ಇಲ್ಲ. ಕತ್ತಿ ಹಗುರ ಇದ್ದಷ್ಟೂ ಕೈ ಒತ್ತಲು ನೋಡುತ್ತದೆ. ಮೇಲಾಗಿ ಅರ್ಧ ಬ್ಲೇಡಿನ ಎರಡೂ ಮೂಲೆಗಳು ಚೌಕ, ಹೊಸದಾಗಿದ್ದಾಗ ಸೂಜಿಯಂತೆ ಚುಚ್ಚುತ್ತವೆ. ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಬಗ್ಗಿಸಿ ಮುರಿದು, ಒಳಗೆ ಕೂಡಿಸಿದ ಮೇಲೆ ಬೆಳಕಿಗೆ ಹಿಡಿದು ನೋಡಿ: ಹೊರಗೆ ಕಾಣುವ ಅಂಚು ಈ ತುದಿಯಿಂದ ಆ ತುದಿಗೆ ಒಂದೇ ಸಮ ಇದೆಯೇ? ಒಂದು ಕಡೆ ಅರ್ಧ ಮಿಲಿಮೀಟರ್ ಹೆಚ್ಚು ಚಾಚಿದ್ದರೂ ಆ ಮೂಲೆಯೇ ನಿಮ್ಮ ಮೂರು ಗಾಯಗಳಿಗೆ ಕಾರಣವಾಗಬಹುದು. ಮುರಿದ ಕಡೆ ಚೂರು ಉಳಿದು ಬ್ಲೇಡ್ ಒಳಗೆ ಸರಿಯಾಗಿ ಕೂರದಿದ್ದರೂ ಹೀಗೇ ಆಗುತ್ತದೆ. ಓರೆಯನ್ನು ಮಡಚುವ ಕತ್ತಿಗಿಂತ ಒಂದಿಷ್ಟು ಕಡಿಮೆ ಇಡಿ, ಎಳೆತ ಇನ್ನೂ ಚಿಕ್ಕದಿರಲಿ. ಅಂಗಡಿಯಲ್ಲಿ ಗಾಯವಾಗದಿರುವುದು ಅವರ ವಸ್ತರಾದ ಗುಣವಲ್ಲ. ಅವರ ಇನ್ನೊಂದು ಕೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ, ಮುಂದಿನ ಸಲ ಕನ್ನಡಿಯಲ್ಲಿ ಗಮನಿಸಿ.

ಆನ್‌ಲೈನಿನಲ್ಲಿ ತರಿಸಿದ ಕತ್ತಿ ಮೊದಲ ದಿನದಿಂದಲೇ ಕೂದಲು ಕೀಳುತ್ತಿದೆ. ಸೈಕಲ್ಲಿನಲ್ಲಿ ಸಾಣೆ ಹಿಡಿಯಲು ಬರುವವರಿಗೆ ಕೊಡಲೇ? ಚರ್ಮದ ಪಟ್ಟಿಗೆ ಎಷ್ಟು ಸಲ ಉಜ್ಜಬೇಕು?
– ಓದುಗರೊಬ್ಬರು, ಹೊಸೂರು

ದಯವಿಟ್ಟು ಕೊಡಬೇಡಿ. ಮಚ್ಚು, ಈಳಿಗೆಮಣೆಗೆ ಆ ಚಕ್ರ ಸರಿ. ಕ್ಷೌರಕತ್ತಿಯ ಬಾಯಿ ಅಷ್ಟು ತೆಳು, ಒಣ ಚಕ್ರಕ್ಕೆ ತಾಗಿದ ಕೂಡಲೇ ಕಾಯುತ್ತದೆ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದರ ಗಡಸುತನ ಹೋಯಿತು, ಮತ್ತೆ ಯಾವ ಕಲ್ಲೂ ಅದನ್ನು ತರಲಾರದು.

ಪೆಟ್ಟಿಗೆಯಿಂದ ತೆಗೆದ ಹೊಸ ಕತ್ತಿ ಗಡ್ಡಕ್ಕೆ ಸಿದ್ಧವಾಗಿರುತ್ತದೆ ಎಂದು ನಂಬಬೇಡಿ. ಅಗ್ಗದವಂತೂ ಬಹುಮಟ್ಟಿಗೆ ಮಸೆಯದೇ ಬರುತ್ತವೆ. ಕೈಯ ರೋಮದ ಮೇಲೆ, ಚರ್ಮಕ್ಕೆ ತಾಗದಂತೆ ನಾಲ್ಕೈದು ಮಿಲಿಮೀಟರ್ ಎತ್ತರದಲ್ಲಿ ಕತ್ತಿ ಆಡಿಸಿ ನೋಡಿ. ರೋಮದ ತುದಿಗಳು ಸದ್ದಿಲ್ಲದೆ ಉದುರಿದರೆ ಹರಿತವಿದೆ, ಬಾಗಿ ಎದ್ದರೆ ಇಲ್ಲ. ಬಾಯಿಯ ಬುಡ, ನಡು, ತುದಿ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ತುದಿಯಲ್ಲಿ ಮಾತ್ರ ಮೊಂಡಾದ ಕತ್ತಿಗಳೇ ಹೆಚ್ಚು.

ಮಸೆಯುವುದಾದರೆ ಚಪ್ಪಟೆಯಾದ ನೀರುಕಲ್ಲುಗಳು (ನೀರು ಹಾಕಿ ಮಸೆಯುವ ಕಲ್ಲುಗಳು; ನಂಬರ್ ಹೆಚ್ಚಿದಷ್ಟೂ ನುಣುಪು) ಬೇಕು: 1000 ನಂಬರಿನದು ಬಾಯಿ ಕೂರಿಸಲು, ಆಮೇಲೆ 4000, 8000, ಕೊನೆಯ ನುಣುಪಿಗೆ 12000. ಕತ್ತಿಯ ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲಿಗೆ ತಾಗಿರಬೇಕು, ಬೆನ್ನು ಎತ್ತಲೇಬಾರದು. ಬೆನ್ನಿನ ದಪ್ಪವೇ ಬಾಯಿಯ ಓರೆಯನ್ನು ನಿರ್ಧರಿಸುತ್ತದೆ, ನೀವು ಅಂದಾಜು ಮಾಡಬೇಕಾಗಿಲ್ಲ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗುತ್ತದೆ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನ ಬಣ್ಣ ಹಚ್ಚಿ ನಾಲ್ಕು ಸಲ ಮಸೆದು ನೋಡಿ, ಬಣ್ಣ ಉಳಿದ ಜಾಗಕ್ಕೆ ಕಲ್ಲು ತಾಗುತ್ತಿಲ್ಲವೆಂದು ಅರ್ಥ. 1000ದ ಕೆಲಸ ಪೂರ್ತಿಯಾಗದೆ ಮೇಲಿನ ಕಲ್ಲಿಗೆ ಹೋದರೆ ಮೊಂಡು ಬಾಯಿಗೇ ಹೊಳಪು ಬರುತ್ತದೆ, ಅಷ್ಟೇ. ನಾಲ್ಕು ಕಲ್ಲು ಕೊಳ್ಳುವ ಖರ್ಚು ಕತ್ತಿಯದ್ದಕ್ಕಿಂತ ಹೆಚ್ಚಾದೀತು. ಒಂದೇ ಕತ್ತಿ ಇರುವವರು ಮೊದಲ ಸಲ ಬಲ್ಲವರಿಂದ ಮಸೆಸಿಕೊಂಡು, 12000ದ ಒಂದೇ ಕಲ್ಲು ಇಟ್ಟುಕೊಂಡು ಕೆಲವು ತಿಂಗಳಿಗೊಮ್ಮೆ ಹತ್ತಿಪ್ಪತ್ತು ಸಲ ಆಡಿಸಿದರೆ ಬಹುಕಾಲ ನಡೆಯುತ್ತದೆ.

ಚರ್ಮದ ಪಟ್ಟಿ ಮಸೆಯುವುದಕ್ಕಲ್ಲ, ಹಿಂದಿನ ಕ್ಷೌರದಲ್ಲಿ ಅತ್ತಿತ್ತ ಬಾಗಿದ ಸೂಕ್ಷ್ಮ ಅಂಚನ್ನು ನೆಟ್ಟಗೆ ಮಾಡಲು. ಕ್ಷೌರಕ್ಕೆ ಸ್ವಲ್ಪ ಮುಂಚೆ ಪಟ್ಟಿಯ ದಪ್ಪ ಬಟ್ಟೆಯ ಬದಿಗೆ ಹೋಗಿ ಬರುವುದು ಸೇರಿ 20 ಸಲ, ಚರ್ಮದ ಬದಿಗೆ 40ರಿಂದ 50 ಸಲ. ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆಗೆ ಬಂದಾಗ ಬೆನ್ನಿನ ಮೇಲೆ ಹೊರಳಿಸಿ. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿಯೂ ಹರಿಯುತ್ತದೆ, ಬಾಯಿಯೂ ಮುರುಟುತ್ತದೆ. ಪಟ್ಟಿಯನ್ನು ಜೋಲು ಬಿಟ್ಟರೆ ಅದು ಬಾಯಿಯ ಸುತ್ತ ಬಾಗಿ ಅಂಚನ್ನು ಗುಂಡಾಗಿಸುತ್ತದೆ, ಹಾಗಾಗಿ ಬಿಗಿಯಾಗಿ ಎಳೆದು ಹಿಡಿಯಿರಿ. ಪಟ್ಟಿಯ ಅಗಲ ಕತ್ತಿಯ ಉದ್ದಕ್ಕಿಂತ ಕಡಿಮೆಯಿದ್ದರೆ ಓರೆಯಾಗಿ ಎಳೆಯುತ್ತ ಬುಡದಿಂದ ತುದಿಯವರೆಗೆ ತಾಗಿಸಿ. ವೇಗ ಬೇಡ. ಸಿನಿಮಾದಲ್ಲಿ ಕಾಣುವ ಪಟಪಟ ಸದ್ದು ನೋಡುವವರಿಗಾಗಿ.

ಹೊಸೂರಿನ ಚಳಿಗಾಲದ ಬೆಳಗ್ಗೆ ಇನ್ನೊಂದು ಸಂಗತಿಯೂ ಸೇರುತ್ತದೆ. ತಣ್ಣೀರಿನಲ್ಲಿ ಒಮ್ಮೆ ಮುಖ ತೊಳೆದು ಶುರುಮಾಡಿದರೆ ಗಡ್ಡ ನೆನೆದಿರುವುದಿಲ್ಲ. ಕೂದಲು ನೀರು ಹೀರಿ ಮೆದುವಾಗಲು ಎರಡು ಮೂರು ನಿಮಿಷ ಬೇಕು. ಸ್ನಾನವಾದ ಕೂಡಲೇ ಮಾಡಿ, ಇಲ್ಲವೇ ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಅಷ್ಟು ಹೊತ್ತು ಮುಖಕ್ಕೆ ಹಿಡಿಯಿರಿ. ಕತ್ತಿ ಮೊಂಡು ಎಂದು ಬಂದ ದೂರುಗಳಲ್ಲಿ ಕೆಲವಕ್ಕಾದರೂ ಇಷ್ಟೇ ಮದ್ದು.

ಮಳೆಗಾಲದಲ್ಲಿ ಕತ್ತಿಗೆ ತುಕ್ಕು. ತೆಂಗಿನೆಣ್ಣೆ ಹಚ್ಚಿ ಚರ್ಮದ ಚೀಲದಲ್ಲಿಟ್ಟರೂ ಚುಕ್ಕೆ ಬಿದ್ದಿದೆ. ಗಡ್ಡಕ್ಕೂ ಮೊದಲು ತೆಂಗಿನೆಣ್ಣೆ ಹಚ್ಚಿಕೊಂಡರೆ ಕತ್ತಿ ಜಾರುತ್ತದೆ ಎನ್ನುತ್ತಾರೆ, ಹೌದೇ?
– ಓದುಗರೊಬ್ಬರು, ಕುಂಬಳೆ

ತುಕ್ಕಿಗೆ ಕಾರಣ ಆ ಚೀಲವೇ ಇರಬೇಕು. ಚರ್ಮ ಗಾಳಿಯ ಪಸೆಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಲ್ಲಿ, ಅದೂ ಉಪ್ಪುಗಾಳಿಯ ಕರಾವಳಿಯಲ್ಲಿ, ಇಂಗಾಲದ ಉಕ್ಕನ್ನು ಅದರೊಳಗೆ ಇಟ್ಟರೆ ಇನ್ನೇನಾದೀತು. ಬಚ್ಚಲುಮನೆಯಲ್ಲಂತೂ ಇಡಲೇಬೇಡಿ. ಕ್ಷೌರ ಮುಗಿದ ಮೇಲೆ ತೊಳೆದು, ಮೆತ್ತನೆ ಕಾಗದದಿಂದ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ, ಎಂದೂ ಬಾಯಿಯ ಉದ್ದಕ್ಕಲ್ಲ. ಹಿಡಿಯ ಸಂದಿನಲ್ಲಿ, ಮೊಳೆಯ ಸುತ್ತ ನೀರು ಉಳಿಯುತ್ತದೆ. ಕಾಗದದ ಚೂರನ್ನು ಮಡಚಿ ಒಳಗೆ ತೂರಿಸಿ ತೆಗೆಯಿರಿ. ತೆರೆದೇ ಒಂದು ಗಂಟೆ ಕೋಣೆಯಲ್ಲಿಟ್ಟು, ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿಯನ್ನು ಬೆರಳಲ್ಲಿ ತೆಳ್ಳಗೆ ಸವರಿ. ಮುಂದಿನ ಸಲ ಬಳಸುವ ಮುನ್ನ ಸಾಬೂನಿನಲ್ಲಿ ತೊಳೆದು ಒರೆಸಿ. ತೆಂಗಿನೆಣ್ಣೆ ಮಳೆಗಾಲದ ತಂಪಿಗೆ ಹೆಪ್ಪುಗಟ್ಟಿ ಎಲ್ಲೆಡೆ ಸಮನಾಗಿ ಹರಡುವುದಿಲ್ಲ, ಹಳತಾದರೆ ಕಮಟಿ ಅಂಟಾಗುತ್ತದೆ. ಚೆನ್ನಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟರೆ ಸಾಕು. ಚರ್ಮದ ಪಟ್ಟಿಗೂ ಆಟಿಯಲ್ಲಿ (ಮಳೆ ಜೋರಾಗಿರುವ ತುಳು ತಿಂಗಳು) ಬೂಷ್ಟು ಹಿಡಿಯುತ್ತದೆ. ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ನೇತುಹಾಕಿ, ಬಿಸಿಲಿಗೂ ಒಲೆಯ ಬುಡಕ್ಕೂ ಬೇಡ.

ಚುಕ್ಕೆ ಕತ್ತಿಯ ಮೈಮೇಲಿದ್ದರೆ ಲೋಹಕ್ಕೆ ಹೊಳಪು ಕೊಡುವ ಪೇಸ್ಟಿನಿಂದ ತಿಕ್ಕಿದರೆ ಹೋಗುತ್ತದೆ, ನೋಟಕ್ಕಷ್ಟೇ ಕೊರತೆ. ಬಾಯಿಯ ಅಂಚಿಗೆ ಮುಟ್ಟಿದ್ದರೆ ವಿಷಯ ಬೇರೆ. ತುಕ್ಕು ತಿಂದ ಕಡೆ ಅಂಚು ಉದುರಿ ಗರಗಸದ ಹಲ್ಲಿನಂತಾಗುತ್ತದೆ, ಅದು ಚರ್ಮಕ್ಕೆ ಸಿಕ್ಕಿ ಪ್ರತಿ ಸಲ ಒಂದೇ ಸಾಲಿನಲ್ಲಿ ಗೀರು ಎಳೆಯುತ್ತದೆ. 1000ದ ಕಲ್ಲಿನಲ್ಲಿ ಆ ಭಾಗ ಹೋಗುವಷ್ಟು ಮಸೆಯದೆ ಮುಖಕ್ಕೆ ತರಬೇಡಿ.

ಗಡ್ಡಕ್ಕೆ ಮುಂಚೆ ತೆಂಗಿನೆಣ್ಣೆ: ಎರಡು ಹನಿ, ಒದ್ದೆ ಗಡ್ಡಕ್ಕೆ, ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದರೆ ನೊರೆ ಕೂರುವುದಿಲ್ಲ, ಚರ್ಮ ಎಳೆಯುವ ಬೆರಳೂ ಜಾರುತ್ತದೆ. ನಮ್ಮ ಮಟ್ಟಿಗೆ ಅದಿಲ್ಲದಿದ್ದರೇ ವಾಸಿ.

ಗಾಯವಾದಾಗ ಪಟಿಕ ಒಳ್ಳೆಯದೋ, ಆಫ್ಟರ್ ಶೇವ್ ಒಳ್ಳೆಯದೋ? ಮನೆಯಲ್ಲಿ ಅಜ್ಜಿ ಎಲೆಯಡಿಕೆಯ ಸುಣ್ಣ ಹಚ್ಚು ಎನ್ನುತ್ತಾರೆ.
– ಓದುಗರೊಬ್ಬರು, ಆದೋನಿ

ಸುಣ್ಣ ಬೇಡ. ಅದು ಕ್ಷಾರ, ತೆರೆದ ಗಾಯವನ್ನು ಸುಡುತ್ತದೆ. ಕಾಗದದ ಚೂರು ಅಂಟಿಸುವುದೂ ಬೇಡ. ತೆಗೆಯುವಾಗ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ತಣ್ಣೀರಲ್ಲಿ ತೊಳೆದು, ಶುಭ್ರ ಹತ್ತಿಯನ್ನು ಮೂರ್ನಾಲ್ಕು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡುವುದರಿಂದಲೇ ರಕ್ತ ನಿಲ್ಲುವುದಿಲ್ಲ. ಆಮೇಲೆ ಪಟಿಕದ ಗಟ್ಟಿಯನ್ನು (ಸೋಲಾಪುರದ ಕಡೆಯವರ ತುರಟಿ) ಒದ್ದೆ ಮಾಡಿ ಮೆಲ್ಲಗೆ ಸವರಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಅದು ಚರ್ಮವನ್ನು ಬಿಗಿಮಾಡಿ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. ಆಫ್ಟರ್ ಶೇವಿಗೆ ಮುಖ್ಯವಾಗಿ ಉರಿ ಮತ್ತು ಪರಿಮಳ. ಪಟಿಕದಿಂದ ಇನ್ನೊಂದು ಉಪಯೋಗವಿದೆ: ಮುಖಕ್ಕೆಲ್ಲ ಸವರಿದಾಗ ಎಲ್ಲೆಲ್ಲಿ ಚುರುಗುಟ್ಟಿತೋ ಅಲ್ಲೆಲ್ಲ ಒತ್ತಿದ್ದೀರಿ.

ಮೊದಲ ಕತ್ತಿ ಎಷ್ಟು ಅಗಲದ್ದು ಕೊಳ್ಳಲಿ? ತುದಿ ಚೂಪಾದದ್ದೇ, ಗುಂಡಾದದ್ದೇ?
– ಓದುಗರೊಬ್ಬರು, ತಾಳವಾಡಿ, ಈರೋಡು ಜಿಲ್ಲೆ

ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. 5/8 ಅಂದರೆ ಸುಮಾರು 16 ಮಿಲಿಮೀಟರ್, 6/8 ಅಂದರೆ 19. ಇವೆರಡರಲ್ಲಿ ಯಾವುದಾದರೂ ಆದೀತು. ಅದಕ್ಕಿಂತ ಕಿರಿದಾದದ್ದು ನೊರೆ ಹಿಡಿಯುವುದಿಲ್ಲ, ಅಗಲವಾದದ್ದು ಮೂಗಿನಡಿ ಹೋಗುವುದಿಲ್ಲ. ತುದಿ ಗುಂಡಾಗಿರಲಿ. ಚೂಪುತುದಿಯದು ಈಗಾಗಲೇ ಕೈಯಲ್ಲಿದ್ದರೆ ಆ ಮೂಲೆಯೊಂದನ್ನೇ ನುಣುಪು ಕಲ್ಲಿಗೆ ಎರಡು ಮೂರು ಸಲ ಹಗುರವಾಗಿ ತಾಗಿಸಿ, ಕಣ್ಣಿಗೆ ಕಾಣದಷ್ಟೇ ಮೂಲೆ ಸವೆಯುತ್ತದೆ, ಚುಚ್ಚುವುದು ನಿಲ್ಲುತ್ತದೆ.

ನಮ್ಮದು ಸಣ್ಣ ಸೆಲೂನ್. ಕೆಲವು ಗಿರಾಕಿಗಳು ಹಳೆ ಕಾಲದ ಕತ್ತಿಯಲ್ಲೇ ಮಾಡಿ ಎಂದು ಕೇಳುತ್ತಾರೆ. ಡೆಟ್ಟಾಲಿನಲ್ಲಿ ಅದ್ದಿ ಬಳಸಬಹುದೇ? ಮೊಡವೆ ಇದ್ದವರಿಗೆ ಹೇಗೆ?
– ಓದುಗರೊಬ್ಬರು, ಮಂಜೇಶ್ವರ

ಒಬ್ಬರಿಗೆ ಬಳಸಿದ ಮಡಚುವ ಕತ್ತಿಯನ್ನು ಇನ್ನೊಬ್ಬರಿಗೆ ಬಳಸಬೇಡಿ, ಎಷ್ಟು ಕೇಳಿದರೂ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಸಾಕು. ಅದ್ದಿ ತೆಗೆದ ಮಾತ್ರಕ್ಕೆ ಅದು ಸಾಯುತ್ತದೆಂಬ ಭರವಸೆ ಇಲ್ಲ. ಅಂಗಡಿಗೆ ಅರ್ಧ ಬ್ಲೇಡೇ ಸರಿ. ಗಿರಾಕಿಯ ಕಣ್ಣೆದುರೇ ಹೊಸದನ್ನು ಮುರಿದು ಹಾಕಿ, ಮುಗಿದ ಕೂಡಲೇ ತೆಗೆಯಿರಿ. ಹಿಡಿಯನ್ನು ಸಾಬೂನು, ಬ್ರಶ್ ಹಾಕಿ ತೊಳೆದು 70 ಶೇಕಡದ ಆಲ್ಕೊಹಾಲಿನಲ್ಲಿ ಹತ್ತು ನಿಮಿಷ ಮುಳುಗಿಸಿ. ರಕ್ತ ತಾಗಿದ್ದರೆ 0.5 ಶೇಕಡದ ಹೈಪೋಕ್ಲೋರೈಟ್ ದ್ರಾವಣದಲ್ಲಿ ಹತ್ತು ನಿಮಿಷ ಇಟ್ಟು ಚೆನ್ನಾಗಿ ತೊಳೆದು ಒರೆಸಿ, ಇಲ್ಲದಿದ್ದರೆ ಅದು ಲೋಹವನ್ನು ತಿನ್ನುತ್ತದೆ. ಎಲ್ಲರ ಮುಖಕ್ಕೂ ಒಂದೇ ಪಟಿಕದ ಗಟ್ಟಿ ತಿಕ್ಕುವ ರೂಢಿ ಬ್ಲೇಡ್ ಬದಲಿಸಿದ್ದನ್ನೂ ವ್ಯರ್ಥ ಮಾಡುತ್ತದೆ. ಪಟಿಕದ ನೀರನ್ನು ಸ್ಪ್ರೇ ಬಾಟಲಿಯಲ್ಲಿಟ್ಟು ಸಿಂಪಡಿಸಿ. ಹಳೆ ಬ್ಲೇಡನ್ನು ಮುಚ್ಚಳಕ್ಕೆ ಸೀಳು ಕೊಟ್ಟ ದಪ್ಪ ತಗಡಿನ ಡಬ್ಬಿಗೆ ಹಾಕಿ, ಕಸ ಎತ್ತುವವರ ಕೈಯೂ ಕೈಯೇ. ನೀವೂ ನಿಮ್ಮ ಕೆಲಸಗಾರರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸು: ಮೊದಲನೆಯದು ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಮೊಡವೆಯ ಮೇಲೆ ಬ್ಲೇಡ್ ಆಡಿಸದೆ ಸುತ್ತ ಬಿಟ್ಟು ಮಾಡಿ. ನರೂಲಿ ಇದ್ದರೆ ಅದರ ಮೇಲೆ ಹಾಯ್ದ ಬ್ಲೇಡ್ ವೈರಸ್ಸನ್ನು ಉಳಿದ ಮುಖಕ್ಕೂ ಹರಡುತ್ತದೆ, ಅಂಥವರಿಗೆ ಕತ್ತರಿಯಲ್ಲೋ ಟ್ರಿಮ್ಮರಿನಲ್ಲೋ ಗಡ್ಡ ಸಣ್ಣದು ಮಾಡಿ ಕಳಿಸುವುದೇ ಲೇಸು.

ಕ್ಷೌರವಾದ ಎರಡನೇ ದಿನಕ್ಕೆ ಕುತ್ತಿಗೆಯ ತುಂಬ ಕೆಂಪು ಗುಳ್ಳೆ. ಕೂದಲು ಗುಂಗುರು. ಇನ್ನೂ ನುಣ್ಣಗೆ ತೆಗೆದರೆ ಹೋದೀತೇ?
– ಓದುಗರೊಬ್ಬರು, ಮಡಕಶಿರಾ

ಹೆಚ್ಚಾಗುತ್ತದೆ. ಚರ್ಮವನ್ನು ಬಿಗಿಯಾಗಿ ಎಳೆದು ಎದುರು ಹೆರೆದಾಗ ಗುಂಗುರು ಕೂದಲಿನ ಚೂಪು ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಬೆಳೆಯುವಾಗ ಹೊರಬರುವ ಬದಲು ಬಾಗಿ ಒಳಗೇ ಚುಚ್ಚುತ್ತದೆ. ಇಷ್ಟು ಹೊತ್ತು ಚರ್ಮ ಎಳೆಯಿರಿ ಎಂದ ನಾವೇ ನಿಮಗೆ ಮಾತ್ರ ಕುತ್ತಿಗೆಯಲ್ಲಿ ಹೆಚ್ಚು ಎಳೆಯಬೇಡಿ ಎನ್ನಬೇಕಾಗಿದೆ: ಸುಕ್ಕು ಹೋಗುವಷ್ಟು ಸಾಕು. ಜಾಡಿನಂತೆ ಒಂದೇ ಸುತ್ತು, ಎರಡು ಮೂರು ದಿನಕ್ಕೊಮ್ಮೆ. ಗುಳ್ಳೆಗಳು ಇರುವಷ್ಟು ದಿನ ಕತ್ತಿ ಮುಟ್ಟಬೇಡಿ, ಟ್ರಿಮ್ಮರಿನಲ್ಲಿ ಒಂದು ಮಿಲಿಮೀಟರ್ ಉಳಿಸಿ ತೆಗೆಯಿರಿ. ಗಾಯ ಮಾಗಿದ ಜಾಗ ಉಬ್ಬಿ ಗಟ್ಟಿಯಾಗುವ ಮೈಗುಣ ಇರುವವರು ಚರ್ಮದ ವೈದ್ಯರನ್ನು ಕೇಳದೆ ಕತ್ತಿ ಹಿಡಿಯುವುದು ಬೇಡ.

ತಂದೆಯವರಿಗೆ 78 ವರ್ಷ. ಹೃದಯದ ಮಾತ್ರೆ ತೆಗೆದುಕೊಳ್ಳುತ್ತಾರೆ. ಜೀವಮಾನವಿಡೀ ಕತ್ತಿಯಲ್ಲೇ ಮಾಡಿಕೊಂಡವರು, ಈಗ ಕೈ ನಡುಗುವುದರಿಂದ ನಾನು ಮಾಡಬೇಕಾಗಿದೆ. ಕೆನ್ನೆ ಜೋತುಬಿದ್ದಿದೆ. ಹೇಗೆ?
– ಓದುಗರೊಬ್ಬರು, ರಾಯದುರ್ಗ

ಮಾತ್ರೆ ಯಾವುದೆಂದು ಮೊದಲು ನೋಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮದ್ದಾಗಿದ್ದರೆ ಚಿಕ್ಕ ಗೀರೂ ಬಹಳ ಹೊತ್ತು ಸುರಿಯುತ್ತದೆ. ಕ್ಷೌರಕ್ಕೆಂದು ಮಾತ್ರೆ ನಿಲ್ಲಿಸುವುದು ಮಾತ್ರ ಖಂಡಿತ ಕೂಡದು. ಅಪ್ಪನಿಗೆ ಬೇಸರವಾದರೂ ಸರಿ, ಕತ್ತಿಯ ಬದಲು ವಿದ್ಯುತ್ ಶೇವರ್ ಅಥವಾ ಟ್ರಿಮ್ಮರ್ ಬಳಸಿ ಎಂಬುದೇ ನಮ್ಮ ಸಲಹೆ. ನೊರೆ, ಬ್ರಶ್, ಬಿಸಿ ಟವೆಲ್ ಬೇಕೇಬೇಕೆಂದರೆ ಸೇಫ್ಟಿ ರೇಜರಿಗೆ ಹೊಸ ಬ್ಲೇಡ್ ಹಾಕಿ.

ತಲೆಗೆ ಆಸರೆಯಿರುವ ಕುರ್ಚಿಯಲ್ಲಿ, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿ, ನೀವು ಪಕ್ಕದಲ್ಲಿ ನಿಲ್ಲಿ. ಜೋತುಬಿದ್ದ ಕೆನ್ನೆಯನ್ನು ಒಂದು ಬೆರಳಿನಿಂದ ಎಳೆದರೆ ಸಾಲದು. ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿ ಇಟ್ಟು ನಡುವಿನ ಎರಡು ಇಂಚು ಚರ್ಮವನ್ನು ಚಪ್ಪಟೆ ಮಾಡಿಕೊಂಡು, ಅಷ್ಟನ್ನೇ ಮುಗಿಸಿ ಮುಂದಕ್ಕೆ ಸರಿಯಿರಿ. ಕಟ್ಟುಹಲ್ಲು ಇದ್ದರೆ ಹಾಕಿಸಿಯೇ ಮಾಡಿ, ಕೆನ್ನೆಗೆ ಒಳಗಿನಿಂದ ಒತ್ತಾಸೆ ಸಿಗುತ್ತದೆ. ಬಾಯಿಯ ಮೂಲೆಯ ಮಡಿಕೆಗಳಲ್ಲಿ ಒಂದೆರಡು ಕೂದಲು ಉಳಿದರೆ ಉಳಿಯಲಿ. ಗಾಯವಾದರೆ ಹದಿನೈದು ನಿಮಿಷ ಒತ್ತಿ ಹಿಡಿದ ಮೇಲೂ ನಿಲ್ಲದಿದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ, ಹೋಗುವಾಗ ಮಾತ್ರೆಯ ಚೀಟಿ ಜತೆಗಿರಲಿ.